ತಿಬೊ ಅಣ್ಣನ ಎತ್ತಿನ ತೊಡೆ

ಸಾಂತೊಲನ್ ಊರಿನಲ್ಲಿ ಒಬ್ಬ ಮನುಷ್ಯ ಒಂದು ಕೋಳಿ ಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಹಂದಿಮರಿ ಕೊಂಡರೆ ಯಾರದೋ ಹುಟ್ಟುಹಬ್ಬ ಇರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಎತ್ತಿನ ಹಿಂಗಾಲನ್ನು ಇಡಿಯಾಗಿ ಹೆಗಲ ಮೇಲೆ ಹೊತ್ತುಕೊಂಡು ಹಗಲು ಹೊತ್ತಿನಲ್ಲಿ ಬೀದಿಯಲ್ಲಿ ನಡೆದರೆ ಅದಕ್ಕೆ ಕಾರಣ ನಾಲ್ಕೇ. ಮದುವೆ, ಕೂಸಿಗೆ ಚರ್ಚಿನಲ್ಲಿ ಜ್ಞಾನಸ್ನಾನ, ಸಾವು, ಚುನಾವಣೆ. ಐದನೆಯ ಕಾರಣ ಒಂದಿದೆ ಎನ್ನುವವನು ಪರಊರಿನವನಾಗಿರಬೇಕು, ಇಲ್ಲವೇ ಸುಳ್ಳುಗಾರನಾಗಿರಬೇಕು.

ತಿಬುರ್ಸಿಯೊ ಮರಾಲಿಟ್ ಪರಊರಿನವನಲ್ಲ.

ಊರೆಲ್ಲ ತಿಬೊ ಅಣ್ಣ ಎಂದು ಕರೆಯುವ ಈ ಮಹಾನುಭಾವ ಅರ್ಧ ಆಯುಷ್ಯವನ್ನು ಹಡಗಿನಲ್ಲಿ ಕಳೆದವನು. ಕೆಲಸ ಎಂಜಿನ್ ಕೋಣೆಯಲ್ಲಿ, ಯಂತ್ರದ ಕೀಲುಗಳಿಗೆ ಎಣ್ಣೆ ಬಿಡುವುದು. ಅದೇನು ಕೀಳು ಕೆಲಸವಲ್ಲ, ಅವನು ಎಣ್ಣೆ ಬಿಡದಿದ್ದರೆ ಹಡಗು ನಡುಗಡಲಲ್ಲೇ ಮಲಗುತ್ತಿತ್ತು. ಆದರೆ ಈ ದೇಶದಲ್ಲಿ ಯಾವನಿಗೆ ತಾನು ಮಾಡಿದ ಕೆಲಸ ಹೇಳಿಕೊಳ್ಳಲು ಮನಸ್ಸಿದೆ? ಕಸ ಗುಡಿಸಿದವನು ಮ್ಯಾನೇಜರ್ ಆಗಿದ್ದೆ ಎನ್ನುತ್ತಾನೆ, ಮ್ಯಾನೇಜರ್ ಆಗಿದ್ದವನು ಮಾಲೀಕನ ಭಾವಮೈದುನ ಎನ್ನುತ್ತಾನೆ. ತಿಬೊ ಪಾಪ, ಮುಖ್ಯ ಅಡುಗೆಯವನಾಗಿದ್ದೆ ಎಂದಷ್ಟೇ ಹೇಳುತ್ತಿದ್ದ.

ಅದನ್ನೂ ಹೇಳಬಾರದ ಕಡೆ ಹೇಳಿದ. ಅಲ್ಲಿಂದ ಶುರು.

ಅವನ ಕಿರಿಯ ಮಗಳು ಮರಿವಿಕ್, ಊರಿನ ಕಪಿತಾನಾ ನಾರ್ಸಿಸಾ ದಿಮಯುಗಾಳ ಮಗ ರೋಡೆಲ್‌ನನ್ನು ಇಷ್ಟಪಟ್ಟಿದ್ದಳು. ಕಪಿತಾನಾ ಎಂದರೆ ಓಟು ಪಡೆದು ಊರಾಳುವ ಮುಖಂಡೆ. ನಮ್ಮಲ್ಲಿ ಮೇಯರ್ ಬೈದರೆ ಮರೆಯಬಹುದು, ಕಪಿತಾನಾ ನಕ್ಕರೂ ಹೆದರಬೇಕು. ಅಂಥ ಹೆಂಗಸು ನವೆಂಬರಿನಲ್ಲಿ ತಿಬೊ ಮತ್ತು ಅವನ ಹೆಂಡತಿ ಫೆಲಿಸಾಳನ್ನು ತನ್ನ ಮನೆಗೆ ಕರೆಸಿ, ಕಾಫಿ ಕೊಟ್ಟು, "ಕ್ರಿಸ್ಮಸ್ ದಿನ ಮಧ್ಯಾಹ್ನ ನಾವು ಮನೆಮಂದಿಯೆಲ್ಲ ನಿಮ್ಮನೆಗೆ ಹೆಣ್ಣು ಕೇಳೋಕೆ ಬರ್ತೀವಿ" ಅಂದಳು. ಆಮೇಲೆ ಯಾರೂ ಮಾತಾಡಲಿಲ್ಲ.

ತಿಬೊಗೆ ಮೌನ ಕಂಡರೆ ಹಡಗಿನ ತಳದಲ್ಲಿ ತೂತು ಕಂಡ ಹಾಗೆ. ಕೈಗೆ ಸಿಕ್ಕಿದ್ದನ್ನು ತುರುಕಲೇಬೇಕು.

"ಅಡುಗೆ ಯೋಚನೆ ನಿಮ್ಗೆ ಬೇಡ ಕಪಿತಾನಾ," ಅಂದ. "ಹಡಗಲ್ಲಿ ನಾರ್ವೆ ಕ್ಯಾಪ್ಟನ್ನಿಗೆ ನಾನೇ ಕೈಯಾರೆ ಮಾಡಿ ಬಡಿಸ್ತಿದ್ದೆ. ಇಡೀ ಎತ್ತಿನ ತೊಡೆ. ಸುತ್ತ ಕ್ಯಾರೆಟ್ಟು, ಆಲೂಗಡ್ಡೆ, ಈರುಳ್ಳಿ. ಸಣ್ಣ ಕಾವಲ್ಲಿ ಅರ್ಧ ದಿನ. ಚಾಕುನೇ ಬೇಕಾಗಿರ್ಲಿಲ್ಲ, ಗದರಿಸಿದ್ರೆ ಸಾಕು, ತುಂಡಾಗೋದು."

"ಹೌದೇ?" ನಾರ್ಸಿಸಾ ಬಟ್ಟಲು ಕೆಳಗಿಟ್ಟಳು. "ಹಾಗಾದ್ರೆ ಅದನ್ನೇ ಮಾಡಿ. ಎಲ್ಲಾ ಮನೇಲೂ ಅದೇ ಟೊಮೆಟೊ ಸಾರು ತಿಂದು ನನ್ನ ನಾಲಗೆ ಸತ್ತೋಗಿದೆ. ನನ್ನ ತಮ್ಮಂದಿರಿಗೂ ಹೇಳ್ತೀನಿ."

ಮನೆಗೆ ಮರಳುವ ದಾರಿಯಲ್ಲಿ ಫೆಲಿಸಾ ಕೇಳಿದಳು. "ರೀ, ನಿಮ್ಗೆ ಅಕ್ಕಿ ತೊಳೆಯೋಕಾದ್ರೂ ಬರತ್ತಾ?"

"ಎಂಜಿನ್ ಕಾಯಿಸಿದೋನಿಗೆ ಎತ್ತು ಕಾಯಿಸೋದು ಯಾವ ಮಹಾ ಕಣೇ!"

"ಎತ್ತಿನ ವಿಷ್ಯ ಹಾಗಿರ್ಲಿ. ಈ ಸಂಬಂಧದ ಸುದ್ದಿ ಮಾತ್ರ ನಿಮ್ಮ ಬಾಯಿಂದ ಹೊರಗೆ ಬಂದ್ರೆ ನಾನು ಮನುಷ್ಯಳಲ್ಲ. ದೊಡ್ಡೋಳ ಸಂಬಂಧ ನಿಕ್ಕಿ ಆಗೋ ಮುಂಚೆ ಊರಿಗೆಲ್ಲ ಸಾರಿದ್ರಿ. ಏನಾಯ್ತು? ಗಂಡು ಮಿಂದೊರೊ ದ್ವೀಪಕ್ಕೆ ಓಡೋದ. ಮಾತಾಗೋ ಮುಂಚೆ ಮಾತಾಡಿದ್ರೆ ಕಣ್ಣು ಬೀಳತ್ತೆ. ಯಾರ್ ಏನ್ ಕೇಳಿದ್ರೂ ‘ಏನಿಲ್ಲ’ ಅನ್ನಿ. ಅಷ್ಟೇ."

ತಿಬೊ ಎದೆ ಮುಟ್ಟಿಕೊಂಡು ಶಿಲುಬೆ ಗುರುತು ಹಾಕಿಕೊಂಡ. ಕಟ್ಟಿಕೊಂಡವಳಿಗೆ ಕೊಟ್ಟ ಮಾತನ್ನು ಅವನು ಜೀವಮಾನದಲ್ಲಿ ಉಳಿಸಿಕೊಂಡದ್ದು ಆ ಒಂದು ಸಲ. ಊರು ಹಾಳಾದದ್ದು ಅದರಿಂದಲೇ.

ಕ್ರಿಸ್ಮಸ್ಸಿನ ಹಿಂದಿನ ಬೆಳಗ್ಗೆ ಸಂತೆಯಲ್ಲಿ ಕಟುಕ ಅವನನ್ನು ಕಂಡು ಮಾಮೂಲಿನಂತೆ ಕೇಳಿದ. "ಅರ್ಧ ಕಿಲೋನಾ ಅಣ್ಣ? ಮೂಳೆ ಸೇರಿಸ್ಲಾ?"

ನಾರ್ವೆ ಕ್ಯಾಪ್ಟನ್ನಿಗೆ ಬಡಿಸಿದ ಮನುಷ್ಯನಿಗೆ ಅವಮಾನವಾಯಿತು. ಕೊಕ್ಕೆಗೆ ತೂಗುಬಿದ್ದಿದ್ದ ಹಿಂಗಾಲಿನ ಕಡೆ ಬೆರಳು ಮಾಡಿದ. "ಅದನ್ನ ಇಳಿಸು."

"ಯಾವ ಭಾಗ?"

"ಎಲ್ಲಾ ಭಾಗ."

ಕಟುಕ ಚಾಕು ಎತ್ತಿದ. "ಕೊಚ್ಚಬೇಡ!" ಎಂದು ತಿಬೊ ಕಿರುಚಿದ್ದಕ್ಕೆ ಮೀನು ಮಾರುವವರೆಲ್ಲ ತಿರುಗಿ ನೋಡಿದರು. ಮೀನು ಕೊಳ್ಳಲು ಬಂದಿದ್ದ ಚಾರಿಂಗ್ ಕೂಡ ತಿರುಗಿದಳು. ತಿಬೊನ ಮನೆಯ ಎದುರು ಚಿಲ್ಲರೆ ಅಂಗಡಿ ಇಟ್ಟವಳು. ಅವಳ ಅಂಗಡಿಯಲ್ಲಿ ಸೋಪು ಮುಗಿದಿರಬಹುದು, ಉಪ್ಪು ಮುಗಿದಿರಬಹುದು, ಸುದ್ದಿ ಮುಗಿದದ್ದನ್ನು ಯಾರೂ ಕಂಡಿಲ್ಲ.

"ಮದುವೇನಾ ಅಣ್ಣ?" ಕಟುಕ ಕೇಳಿದ.

ತಿಬೊನ ಜೀವ ಬಾಯಿಗೆ ಬಂತು. "ಮದುವೆ? ಯಾರ್ ಹೇಳಿದ್ದು? ಯಾವ ಮದುವೇನೂ ಇಲ್ಲ! ನಮ್ಮನೇಲಿ ಆ ಮಾತೇ ಎತ್ತಲ್ಲ!"

"ಮತ್ತೆ ಜ್ಞಾನಸ್ನಾನವಾ?"

"ನನ್ನ ವಯಸ್ಸಿಗಾ?"

"ಅಯ್ಯೋ ದೇವರೇ, ಯಾರ್ ಹೋದ್ರಣ್ಣ?"

"ಎಲ್ಲಾ ಗುಂಡುಕಲ್ಲಿನ ಹಾಗಿದಾರೆ."

"ಮತ್ತೆ ಯಾತಕ್ಕೆ?"

"ಏನಿಲ್ಲ. ಸುಮ್ನೆ."

ಚಾರಿಂಗ್ ನಾಲ್ಕು ಬೆರಳು ಎತ್ತಿ ಒಂದೊಂದೇ ಮಡಚುತ್ತಿದ್ದಳು. ಕೊನೆಗೆ ಒಂದು ಬೆರಳು ಉಳಿಯಿತು. ಆ ಬೆರಳನ್ನು ನೋಡಿ ಅವಳ ಕಣ್ಣು ಅರಳಿತು. ಬೇಸಿಗೆಗೆ ಊರ ಚುನಾವಣೆ. ನಾರ್ಸಿಸಾಳ ಎದುರು ನಿಲ್ಲುವ ಗಂಡಸು ಹುಟ್ಟಿಲ್ಲ ಎಂದು ಊರು ಸೋತು ಕೂತಿತ್ತು. ಈಗ ನೋಡಿದರೆ ಹುಟ್ಟಿದ್ದಾನೆ, ಹೆಗಲ ಮೇಲೆ ಎತ್ತಿನ ತೊಡೆ ಹೊತ್ತು ನಿಂತಿದ್ದಾನೆ!

"ಗೊತ್ತಾಯ್ತು ಬಿಡಣ್ಣ," ಎಂದು ಕಣ್ಣು ಮಿಟುಕಿಸಿದಳು.

ಮದುವೆಯ ಗುಟ್ಟು ಬಯಲಾಯಿತೆಂದೇ ತಿಬೊ ಕಂಗಾಲಾದ. "ಚಾರಿಂಗ್, ನಿನ್ನ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳ್ಬೇಡ! ಇನ್ನೂ ಗಟ್ಟಿ ಆಗಿಲ್ಲ. ನಾಳೆ ಮಧ್ಯಾಹ್ನದ ತನಕ ತಡ್ಕೊ. ಈಗ್ಲೇ ಹೊರಗೆ ಬಂದ್ರೆ ಕಪಿತಾನಾ ಮುಂದೆ ನಾನು ತಲೆ ಎತ್ತೋ ಹಾಗಿಲ್ಲ."

"ನನ್ನ ಬಾಯಿಂದಾನಾ? ನಾನು ಗೋರಿ ಕಣಣ್ಣ, ಗೋರಿ!"

ಗೋರಿ ಒಂದು ಮೋಟಾರುಬೈಕಿನ ಹಿಂದೆ ಹತ್ತಿ ಧೂಳೆಬ್ಬಿಸುತ್ತ ಊರ ಕಡೆ ಹೋಯಿತು.

ತಿಬೊ ನಡೆದು ಬಂದ. ಹಿಂಗಾಲು ಯಾವ ಚೀಲಕ್ಕೂ ಹಿಡಿಸಲಿಲ್ಲ. ಇಲ್ಲಿ ನಮ್ಮೂರಿನ ಒಂದು ಮರ್ಯಾದೆಯ ವಿಷಯ ಹೇಳಬೇಕು. ತಿನ್ನುವ ಪದಾರ್ಥ ಕೈಯಲ್ಲಿರುವಾಗ ಯಾರು ಎದುರಾದರೂ "ಬನ್ನಿ, ಉಣ್ಣೋಣ" ಎನ್ನಬೇಕು. ಎದುರಾದವನು "ಈಗಷ್ಟೇ ಆಯ್ತು" ಎನ್ನಬೇಕು, ಅವನು ನಿನ್ನೆಯಿಂದ ಉಣ್ಣದಿದ್ದರೂ ಸರಿಯೆ. ಕರೆಯುವವನಿಗೆ ಕೊಡುವ ಮನಸ್ಸಿಲ್ಲ, ಕರೆಸಿಕೊಂಡವನಿಗೆ ಹೋಗುವ ಹಕ್ಕಿಲ್ಲ. ಹೀಗೆ ಒಂದು ತುತ್ತೂ ಖರ್ಚಾಗದೆ ಊರಿಗೆ ಊರೇ ಒಬ್ಬರಿಗೊಬ್ಬರು ಊಟ ಹಾಕಿಕೊಂಡು ಬಾಳುತ್ತಿದೆ. ಇದಕ್ಕೆ ಅಪವಾದ ಒಂದೇ. ಓಟಿಗೆ ನಿಲ್ಲುವವನು ಕರೆದರೆ ಅದು ನಿಜವಾದ ಕರೆ. ಮೂರು ವರ್ಷ ಉಗಿಸಿಕೊಂಡ ಜನಕ್ಕೆ ಒಂದು ದಿನ ಉಣ್ಣುವ ಹಕ್ಕು ಇರಲೇಬೇಕಲ್ಲ!

"ಬನ್ನಿ, ಉಣ್ಣೋಣ!" ಎಂದ ತಿಬೊ, ಎದುರು ಬಂದ ಕ್ಷೌರಿಕನಿಗೆ.

"ನಾಳೇನಾ ಅಣ್ಣ?"

ತಿಬೊ ತಬ್ಬಿಬ್ಬಾದ. ಈ ಪ್ರಶ್ನೆಗೆ ಉತ್ತರ ಅವನಿಗೆ ಯಾರೂ ಕಲಿಸಿರಲಿಲ್ಲ. "ಹಾಂ... ನಾಳೆ. ಮಧ್ಯಾಹ್ನ."

"ಬರ್ತೀವಿ. ಮನೆಯೋರನ್ನೂ ಕರ್ಕೊಂಡು ಬರ್ತೀವಿ. ನಮ್ಮ ಓಣೀದು ಯೋಚನೆ ಬಿಡಿ, ಅದು ನಂದು."

ಓಣಿಯ ಬಗ್ಗೆ ತಿಬೊ ಯಾವತ್ತೂ ಯೋಚಿಸಿರಲಿಲ್ಲ. ಮುಂದೆ ಸೈಕಲ್‌ರಿಕ್ಷಾದವರು ಸಿಕ್ಕಿದರು, ಚರ್ಚಿನ ಹಾಡುಗಾರ್ತಿಯರು ಸಿಕ್ಕಿದರು, ಬ್ಯಾಂಡಿನವರು ಸಿಕ್ಕಿದರು. ಎಲ್ಲರಿಗೂ ಬಾಯಿತುಂಬ "ಬನ್ನಿ, ಉಣ್ಣೋಣ" ಎಂದ. ಎಲ್ಲರೂ ಬರುತ್ತೇವೆ ಎಂದರು. ಒಬ್ಬ ಮುದುಕ ಅವನ ಕೈ ಹಿಡಿದು ಅತ್ತೇಬಿಟ್ಟ. ಜನಕ್ಕೆ ಮರ್ಯಾದೆಯೇ ಇಲ್ಲವಾಯಿತಲ್ಲ ಎಂದು ಬೈದುಕೊಳ್ಳುತ್ತ ತಿಬೊ ಮನೆ ಸೇರಿದ.

ಕ್ರಿಸ್ಮಸ್ ಬೆಳಗಾಯಿತು. ನಮ್ಮೂರಲ್ಲಿ ದೊಡ್ಡ ಮಾಂಸ ಬೇಯಿಸುವ ಒಲೆ ಯಾರ ಮನೆಯಲ್ಲೂ ಇಲ್ಲ. ಹಬ್ಬದ ದಿನ ಬೇಕರಿಯ ಕಾಸ್ತೋರ್ ನಸುಕಿಗೇ ಬನ್ನು ಸುಟ್ಟು ಮುಗಿಸಿ, ಆ ಇಟ್ಟಿಗೆ ಒಲೆಯ ಉಳಿದ ಕಾವನ್ನು ಊರಿಗೆ ಬಿಟ್ಟುಕೊಡುತ್ತಾನೆ. ಯಾರ ತಟ್ಟೆ ಎಲ್ಲಿ ಕೂರಬೇಕು ಎಂಬುದು ಅವನ ಇಷ್ಟ. ಒಳಗಿನ ನಡುಮಧ್ಯದ ಜಾಗ, ಕಾವು ಎಲ್ಲಾ ಕಡೆಯಿಂದ ಸಮನಾಗಿ ಬೀಳುವ ಜಾಗ, ಎಂದಿನಿಂದಲೂ ಕಪಿತಾನಾಳ ಹಂದಿಮರಿಗೆ ಮೀಸಲು. ಬಡವರ ಕೋಳಿಗಳು ಬಾಗಿಲ ಬಳಿ ಗಾಳಿ ಕುಡಿಯುತ್ತ ಅರೆಬೆಂದು ಹೊರಬರುತ್ತವೆ. ನಮ್ಮೂರಿನ ನ್ಯಾಯ ನೋಡಬೇಕಾದರೆ ಕಚೇರಿಗೆ ಹೋಗಬೇಕಾಗಿಲ್ಲ, ಆ ಒಲೆಗೆ ಬಗ್ಗಿ ನೋಡಿದರೆ ಸಾಕು.

ತಿಬೊ ದೊಡ್ಡ ತಗಡಿನ ತಟ್ಟೆ ಹೊತ್ತು ಬಂದ. ತೊಡೆಗೆ ಉಪ್ಪು, ಮೆಣಸು, ಜಜ್ಜಿದ ಬೆಳ್ಳುಳ್ಳಿ ತಿಕ್ಕಿದ್ದ. ಸುತ್ತ ಕ್ಯಾರೆಟ್, ಆಲೂಗಡ್ಡೆ, ಈರುಳ್ಳಿ, ಸೀಮೆಬದನೆ, ಎರಡು ಬಾಳೆಕಾಯಿ. ಮೇಲೆ ಬಾಳೆಲೆ ಹೊದಿಸಿದ್ದ. ಜೇಬಿನಲ್ಲಿ ಉದ್ದ ಮೂತಿಯ ಒಂದು ಎಣ್ಣೆಗಿಂಡಿ. ಹಡಗಿನದೇ, ಫೆಲಿಸಾ ಹಿಂದಿನ ದಿನವಿಡೀ ಬಿಸಿನೀರಿನಲ್ಲಿ ಕುದಿಸಿದ್ದಳು.

ಕಾಸ್ತೋರ್ ಅವನನ್ನು ಕಂಡದ್ದೇ ತಡ, ಉದ್ದ ಮರದ ಸಲಿಕೆ ಒಳಗೆ ತೂರಿಸಿ ಕಪಿತಾನಾಳ ಹಂದಿಮರಿಯನ್ನು ಸರ್‍ರನೆ ಬಾಗಿಲ ಬಳಿಗೆ ಎಳೆದ. ಖಾಲಿಯಾದ ನಡುಮಧ್ಯದಲ್ಲಿ ಎತ್ತಿನ ತೊಡೆಯನ್ನು ಕೂರಿಸಿದ.

"ಅದು ಕಪಿತಾನಾ ಜಾಗ ಅಲ್ವೇನಯ್ಯ?" ತಿಬೊ ಗಾಬರಿಯಾದ.

"ಇಲ್ಲೀ ತನಕ ಆಗಿತ್ತು. ಇನ್ಮೇಲೆ ನಿಮ್ದು." ಕಾಸ್ತೋರ್ ಹಣೆ ಒರೆಸಿಕೊಂಡು ಹತ್ತಿರ ಬಂದ. "ಎಲ್ಲಾ ಗೊತ್ತಾಗಿದೆ ಅಣ್ಣ. ಚಾರಿಂಗ್ ಹೇಳಿದ್ಲು. ಅಲ್ಲಾ, ಆಯಮ್ಮನ್ನ ಎದುರಿಸ್ತೀರಾ ನೀವು?"

ತಿಬೊ ನಿಟ್ಟುಸಿರು ಬಿಟ್ಟ. ಗೋರಿ ಬಾಯಿ ಬಿಟ್ಟಿದೆ, ಇನ್ನು ಮುಚ್ಚಿಟ್ಟು ಏನು? "ಎದುರಿಸ್ದೆ ಏನ್ಮಾಡ್ಲಿ? ಎದೆ ಹೊಡ್ಕೋತಿದೆ. ಆದ್ರೆ ಅವ್ರ ಮಗ ರೋಡೆಲ್ ನಮ್ಮ ಕಡೆ ಇದಾನೆ, ಅದೊಂದು ಧೈರ್ಯ."

ಸಲಿಕೆ ಕಾಸ್ತೋರ್‌ನ ಕೈಯಿಂದ ಬಿತ್ತು. "ಸ್ವಂತ ಮಗ!"

"ಎರಡು ವರ್ಷದಿಂದ. ದಿನಾ ಸಂಜೆ ನಮ್ಮ ಹಿತ್ತಿಲ ಬಾಗಿಲಲ್ಲೇ ಇರ್ತಾನೆ."

ಇಲಿ ಹೋದರೆ ಹುಲಿ ಹೋಯಿತು ಎನ್ನುವ ಊರಿಗೆ ನಿಜವಾದ ಹುಲಿಯೇ ಸಿಕ್ಕಿದರೆ ಕೇಳಬೇಕೆ? ಬನ್ನು ಕೊಳ್ಳಲು ನಿಂತಿದ್ದವರು ಬನ್ನು ಬಿಟ್ಟು ಓಡಿದರು. ಕಪಿತಾನಾಳ ಸ್ವಂತ ಮಗನೇ ಎರಡು ವರ್ಷದಿಂದ ಎದುರಾಳಿಯ ಹಿತ್ತಿಲಲ್ಲಿ ಕೂತು ಸಂಚು ಮಾಡುತ್ತಿದ್ದಾನೆ! ಚರ್ಚಿನಲ್ಲಿ ಪಾದ್ರಿ ಶಾಂತಿಯ ಬಗ್ಗೆ ಉಪದೇಶ ಮಾಡುತ್ತಿದ್ದರೆ ಹಿಂದಿನ ಬೆಂಚುಗಳಲ್ಲಿ ಓಟಿನ ಲೆಕ್ಕ ಶುರುವಾಗಿತ್ತು.

ತಿಬೊಗೆ ಇದೊಂದೂ ಗೊತ್ತಿಲ್ಲ. ಅವನು ಒಲೆಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು, ಆಗಾಗ ಬಾಳೆಲೆ ಸರಿಸಿ, ತಟ್ಟೆಯಲ್ಲಿ ಇಳಿದ ಕೊಬ್ಬನ್ನು ಎಣ್ಣೆಗಿಂಡಿಗೆ ತುಂಬಿ, ಅದರ ಉದ್ದ ಮೂತಿಯಿಂದ ತೊಡೆಯ ಸಂದುಸಂದಿಗೂ ಹನಿಹನಿಯಾಗಿ ಬಿಡುತ್ತಿದ್ದ. ಮೇಲೊಂದು ಹನಿ, ಕೀಲಿಗೊಂದು ಹನಿ, ಮೂಳೆಯ ಬುಡಕ್ಕೊಂದು ಹನಿ. ಯಂತ್ರ ಒಣಗಬಾರದು, ಕಾವು ಏರಬಾರದು, ಸದ್ದು ಕೇಳುತ್ತಿರಬೇಕು. ಜುಂಯ್ ಎಂದರೆ ಸರಿ, ಚಟಪಟ ಎಂದರೆ ಬಾಗಿಲು ತೆಗೆ. ಅವನಿಗೆ ಅಡುಗೆ ಬರುತ್ತಿರಲಿಲ್ಲ ನಿಜ. ಆದರೆ ಆ ವಾಸನೆ! ಮೊದಲು ಬೆಳ್ಳುಳ್ಳಿ ಬಂತು, ಆಮೇಲೆ ಈರುಳ್ಳಿ ಕಂದಿದ ಸಿಹಿ, ಆಮೇಲೆ ಕೊಬ್ಬು ಕರಗಿ ಕ್ಯಾರೆಟ್ಟಿಗೆ ಇಳಿದ ಘಮ. ಅದು ಬೇಕರಿಯ ಚಿಮಣಿ ಹತ್ತಿ, ಬಾಸ್ಕೆಟ್‌ಬಾಲ್ ಅಂಗಳ ದಾಟಿ, ಚರ್ಚಿನ ಕಿಟಕಿಯಲ್ಲಿ ನುಗ್ಗಿತು. ಪಾದ್ರಿ ಆಶೀರ್ವಾದವನ್ನು ಅರ್ಧಕ್ಕೇ ಮುಗಿಸಿದರು ಎಂದು ನಂಬಲರ್ಹ ಜನ ಹೇಳುತ್ತಾರೆ.

"ಕಾಸ್ತೋರಾ, ಆಗೋಯ್ತು ಕಣೋ!" ತಿಬೊ ಎಳೆಯ ಹುಡುಗನಂತೆ ಕುಣಿದ. ಮೂಳೆ ಹಿಡಿದು ಅಲ್ಲಾಡಿಸಿದರೆ ಮಾಂಸ ತನ್ನಷ್ಟಕ್ಕೆ ಬಿಟ್ಟುಕೊಳ್ಳುತ್ತಿತ್ತು. ಗದರಿಸುವುದೂ ಬೇಕಾಗಿರಲಿಲ್ಲ. "ನನ್ನ ಮಗಳು ಗೆದ್ದಳು!"

"ಮಗಳೂ ನಿಲ್ತಾಳಾ?" ಕಾಸ್ತೋರ್ ಬಾಯಿ ತೆರೆದ. ಉತ್ತರ ಕೇಳುವಷ್ಟು ವ್ಯವಧಾನ ತಿಬೊಗಿರಲಿಲ್ಲ.

ಹೊರಗೆ ಬಂದರೆ ಬ್ಯಾಂಡಿನವರು ನಿಂತಿದ್ದರು. ನಾಲ್ಕು ಜನ ಸೈಕಲ್‌ರಿಕ್ಷಾದವರು ತಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಂಡು ಹೆಗಲಿಗೇರಿಸಿದರು. ತುತ್ತೂರಿ ಊದಿತು, ಡೋಲು ಬಡಿಯಿತು. ತಿಬೊ ಮೆರವಣಿಗೆಯ ನಡುವೆ, ಕೈಯಲ್ಲಿ ಎಣ್ಣೆಗಿಂಡಿ ಹಿಡಿದು, ನಾರ್ಸಿಸಾ ಬೀಗಿತ್ತಿ ಎಷ್ಟು ದೊಡ್ಡ ಮನಸ್ಸಿನವಳು, ಗಂಡಿನ ಕಡೆಯಿಂದ ಬ್ಯಾಂಡು ಕಳಿಸಿದ್ದಾಳಲ್ಲ ಎಂದು ಕಣ್ಣೊರೆಸಿಕೊಳ್ಳುತ್ತ ನಡೆದ.

ಮನೆಯ ಬೇಲಿಯ ಮೇಲೆ ಆಳೆತ್ತರದ ಫ್ಲೆಕ್ಸ್ ಕಟ್ಟಿತ್ತು. ಅದರಲ್ಲಿ ಅವನದೇ ಮುಖ, ಫೇಸ್‌ಬುಕ್ಕಿನಿಂದ ಕಿತ್ತ ಹಡಗಿನ ಕಾಲದ ಫೋಟೊ. ಆ ಫೋಟೊದಲ್ಲಿ ಅವನು ಈಗಷ್ಟೇ ಏನೋ ಕದ್ದವನ ಹಾಗೆ ಕಾಣುತ್ತಿದ್ದ, ಅಭ್ಯರ್ಥಿಗೆ ಹೇಳಿ ಮಾಡಿಸಿದ ಮುಖ. ಕೆಳಗೆ, "ಊರ ಸಮಸ್ತರಿಗೂ ಕ್ರಿಸ್ಮಸ್ ಶುಭಾಶಯಗಳು. ಎಂದೆಂದಿಗೂ ನಿಮ್ಮವನೇ, ತಿಬೊ ಅಣ್ಣ." ಓಟು ಎಂಬ ಪದ ಎಲ್ಲೂ ಇಲ್ಲ. ಆದರೆ ಫ್ಲೆಕ್ಸ್ ಹಾಕಿ ಶುಭ ಕೋರುವವನು ಶುಭ ಕೋರುತ್ತಿಲ್ಲ ಎಂಬುದು ಹಾಲುಗಲ್ಲದ ಕೂಸಿಗೂ ಗೊತ್ತು.

ಅಂಗಳದಲ್ಲಿ ಊರಿಗೆ ಊರೇ ತಟ್ಟೆ ಹಿಡಿದು ನಿಂತಿತ್ತು. ನಡುವೆ ಫೆಲಿಸಾ, ಸೌಟನ್ನು ಕತ್ತಿಯಂತೆ ಹಿಡಿದವಳು. ಪಕ್ಕದಲ್ಲಿ ಮರಿವಿಕ್, ಹೊಸ ಹಳದಿ ಉಡುಪಿನಲ್ಲಿ, ಅಳುವುದೋ ನಗುವುದೋ ತಿಳಿಯದ ಮುಖದಲ್ಲಿ.

"ರೀ! ಏನ್ರೀ ಇದು? ಯಾರನ್ನೆಲ್ಲ ಕರ್ದಿದೀರಿ?"

"ನಾನ್ಯಾರನ್ನೂ ಕರೀಲಿಲ್ವೇ! ‘ಬನ್ನಿ, ಉಣ್ಣೋಣ’ ಅಂದೆ ಅಷ್ಟೇ!"

ಅಷ್ಟರಲ್ಲಿ ತುತ್ತೂರಿ ನಡುವಿನಲ್ಲೇ ನಿಂತಿತು. ಕಪಿತಾನಾ ನಾರ್ಸಿಸಾ ಬಂದಿದ್ದಳು. ಹಿಂದೆ ಮೂವರು ತಮ್ಮಂದಿರು, ಅವರ ಹೆಂಡಿರು, ಹಣ್ಣಿನ ಬುಟ್ಟಿಗಳು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆವರುತ್ತಿದ್ದ ರೋಡೆಲ್. ಎಲ್ಲರ ಹಿಂದೆ ಇಬ್ಬರು ಹಿಡಿದು ತಂದ ಹಂದಿಮರಿ. ಬಾಗಿಲ ಗಾಳಿ ಕುಡಿದು ಅದರ ಚರ್ಮ ಗರಿಗರಿಯಾಗುವ ಬದಲು ಒದ್ದೆ ಟವಲಿನಂತೆ ಜೋತುಬಿದ್ದಿತ್ತು. ನಮ್ಮಲ್ಲಿ ಒಬ್ಬರ ಅಪ್ಪನನ್ನು ಬೈದರೂ ಸಹಿಸಿಯಾರು, ಹಂದಿಯ ಚರ್ಮ ಗರಿಗರಿಯಾಗದಿದ್ದರೆ ಮೂರು ತಲೆಮಾರು ಮಾತಿರುವುದಿಲ್ಲ.

ನಾರ್ಸಿಸಾ ಫ್ಲೆಕ್ಸನ್ನು ಮೇಲಿಂದ ಕೆಳಕ್ಕೆ ಓದಿದಳು. ಜನರನ್ನು ನೋಡಿದಳು. ಸೈಕಲ್‌ರಿಕ್ಷಾದವರ ಹೆಗಲ ಮೇಲೆ ಕೂತಿದ್ದ ಎತ್ತಿನ ತೊಡೆಯನ್ನು ನೋಡಿದಳು.

"ರೀ ತಿಬುರ್ಸಿಯೊ!" ಅವಳ ದನಿಗೆ ಕೋಳಿಗಳು ಗೂಡು ಸೇರಿದವು. "ನಾನು ಹೆಣ್ಣು ಕೇಳೋಕೆ ಬಂದ್ರೆ ನೀವು ನನ್ನ ಕುರ್ಚಿ ಕಾಲಿಗೇ ಗರಗಸ ಹಾಕಿದೀರಾ?"

"ಯಾವ ಕುರ್ಚಿ ಕಪಿತಾನಾ? ಪಕ್ಕದ ಮನೆಯಿಂದ ತರಿಸಿದೀನಿ, ಕೂತ್ಕೊಳ್ಳಿ..."

"ನನ್ನ ಹಂದೀನ ಬಾಗಿಲಿಗೆ ತಳ್ಳಿಸಿದೀರಿ! ನನ್ನ ಮಗನ್ನ ಹಿತ್ತಿಲಲ್ಲಿ ಕೂರ್ಸಿ ನನ್ನ ಗುಟ್ಟೆಲ್ಲ ಕಕ್ಕಿಸಿದೀರಿ! ಊರೆಲ್ಲ ಹೇಳ್ತಿದೆ!"

"ಅಮ್ಮಾ, ನಾನು ಅಲ್ಲಿ ಕೂತಿದ್ದು..." ಎಂದು ರೋಡೆಲ್ ಶುರುಮಾಡಿದ.

"ಮುಚ್ಚೋ ಬಾಯಿ, ಮನೆಮುರುಕ!"

ಆಗ ತಿಬೊನ ತಲೆಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಕ್ಷೌರಿಕನ ಓಣಿ, ಮುದುಕನ ಕಣ್ಣೀರು, ಒಲೆಯ ನಡುಮಧ್ಯ. ಮಗಳ ಮುಖ ನೋಡಿದ. ಮಿಂದೊರೊಗೆ ಹೋಗುವ ದೋಣಿ ಕಣ್ಣ ಮುಂದೆ ತೇಲಿತು. ಹತ್ತಿರದ ಬೆಂಚು ಹತ್ತಿ ನಿಂತ.

"ಮಹಾಜನಗಳೇ! ನಾನು ಯಾವ ಚುನಾವಣೆಗೂ ನಿಲ್ತಿಲ್ಲ!"

ಚಪ್ಪಾಳೆಯೋ ಚಪ್ಪಾಳೆ. "ಎಷ್ಟು ವಿನಯ ನೋಡ್ರಿ!" ಎಂದಳು ಚಾರಿಂಗ್. "ನಿಲ್ಲೋರೆಲ್ಲಾ ಮೊದಲು ಹೀಗೇ ಅನ್ನೋದು!" ಎಂದ ಕ್ಷೌರಿಕ. ನಾರ್ಸಿಸಾ ಹಲ್ಲು ಕಡಿದಳು. ಹೋದ ಸಲ ಅವಳೂ ಹಾಗೇ ಅಂದಿದ್ದಳು.

"ಅಯ್ಯೋ ಕೇಳಿ ಇಲ್ಲಿ! ನಾನು ಲಾಯಕ್ಕಿಲ್ಲದ ಮನುಷ್ಯ! ನಾನು ಹಡಗಿನ ಅಡುಗೆಯೋನೂ ಅಲ್ಲ! ಸುಳ್ಳು! ಎಲ್ಲಾ ಸುಳ್ಳು! ಎಂಜಿನ್ನಿಗೆ ಎಣ್ಣೆ ಬಿಡ್ತಿದ್ದೆ! ಆ ನಾರ್ವೆ ಕ್ಯಾಪ್ಟನ್ ನನ್ನ ಮುಖಾನೂ ನೋಡಿಲ್ಲ!"

ಅಂಗಳ ಕಿತ್ತುಹೋಗುವ ಹಾಗೆ ಕೂಗೆದ್ದಿತು. ಸುಳ್ಳು ಹೇಳುವ ಮುಖಂಡರನ್ನು ಈ ಊರು ತಲೆತಲಾಂತರದಿಂದ ಸಾಕಿದೆ, ಸುಳ್ಳು ಹೇಳಿದೆ ಎಂದು ಬೆಂಚು ಹತ್ತಿ ಒಪ್ಪಿಕೊಂಡ ಮುಖಂಡ ಇವನೇ ಮೊದಲು. ಬ್ಯಾಂಡಿನವರು ಯಾರೂ ಹೇಳದೆ ಡೋಲು ಬಡಿದರು.

ನಾರ್ಸಿಸಾ ಕೈಯಲ್ಲಿದ್ದ ಬೀಸಣಿಗೆಯನ್ನು ಪಟ್ಟೆಂದು ಮಡಚಿದಳು. "ರೋಡೆಲ್, ನಡಿ ಮನೆಗೆ. ಈ ಮನೆ ಸಂಬಂಧ ಸತ್ತೋಯ್ತು."

ರೋಡೆಲ್ ಕದಲಲಿಲ್ಲ, ನೆಲಕ್ಕೆ ನೆಟ್ಟ ಗೂಟದ ಹಾಗೆ ನಿಂತ. ಅವನಿಗೆ ಮಾತು ಬರುವುದಿಲ್ಲ, ಎರಡು ವರ್ಷ ಹಿತ್ತಿಲಲ್ಲಿ ಕೂತೂ ಹತ್ತು ಮಾತಾಡಿದವನಲ್ಲ. ಮಾತು ಬರುವವಳು ಮರಿವಿಕ್. ಅಪ್ಪನನ್ನು ಬೆಂಚಿನಿಂದ ಕೆಳಗೆಳೆದು ತಾನು ಹತ್ತಿದಳು.

"ಕೇಳ್ರೀ ಎಲ್ಲಾ! ನಾಚಿಕೆ ಆಗಲ್ವೇನ್ರೀ ನಿಮ್ಗೆ? ಒಬ್ಬ ಮನುಷ್ಯ ಒಂದು ತೊಡೆ ಮಾಂಸ ತಂದ್ರೆ ಅವನಿಗೆ ಓಟು ಬೇಕು ಅಂತೀರಾ? ಮಗಳ ಮೇಲೆ ಪ್ರೀತಿ ಇರ್ಬಹುದು ಅಂತ ಒಬ್ಬರಿಗಾದ್ರೂ ಹೊಳೀತಾ? ಇದು ಓಟಿನ ಮಾಂಸ ಅಲ್ಲ, ನನ್ನ ಮದುವೆ ಮಾಂಸ! ಈ ಗೂಟ ಇದೆಯಲ್ಲ, ರೋಡೆಲ್, ಇವನು ಎರಡು ವರ್ಷದಿಂದ ಬರ್ತಿದ್ದಿದ್ದು ನನಗೋಸ್ಕರ!"

ಚಾರಿಂಗ್ ತನ್ನ ಕೈಬೆರಳುಗಳನ್ನು ನೋಡಿಕೊಂಡಳು. ಮೊಟ್ಟಮೊದಲು ಮಡಚಿದ ಬೆರಳನ್ನು ನಿಧಾನ ಬಿಚ್ಚಿದಳು. "ಮದುವೆ ಇಲ್ಲ ಅಂತ ಆಣೆ ಮಾಡಿದ ಹಾಗೆ ಹೇಳಿದ್ರಲ್ಲಪ್ಪ ಇವ್ರು..." ಎಂದು ಗೊಣಗಿದಳು. ಆಮೇಲೆ ಜೋರಾಗಿ, ಇಡೀ ಊರಿನ ದುಃಖವನ್ನು ಗಂಟಲಿಗೆ ತಂದುಕೊಂಡು, "ಹಾಳಾಗೋಯ್ತು! ಬೀಗ ಆದ್ಮೇಲೆ ಬೀಗಿತ್ತಿ ಎದುರು ನಿಲ್ಲೋಕಾಗತ್ತಾ? ಇದ್ದ ಒಬ್ಬ ಗಂಡಸೂ ಹೋದ!"

ಗೇಟಿನ ಹೊರಗೆ ಒಂದು ಕಾಲಿಟ್ಟಿದ್ದ ನಾರ್ಸಿಸಾ ನಿಂತಳು.

ಅವಳ ಬೆನ್ನಷ್ಟೇ ಕಾಣುತ್ತಿತ್ತು. ಆದರೆ ಆ ಬೆನ್ನು ಲೆಕ್ಕ ಹಾಕುತ್ತಿತ್ತು. ಬೀಗನಾದರೆ ಎದುರಾಳಿಯಲ್ಲ. ಬೀಗನಾಗದಿದ್ದರೆ ಎದುರಾಳಿ. ಅಂಗಳದಲ್ಲಿ ತಟ್ಟೆ ಹಿಡಿದ ಇಷ್ಟೊಂದು ಜನ. ಹುಚ್ಚುಮುಂಡೆ ಮದುವೇಲಿ ಉಂಡವನೇ ಜಾಣ ಎನ್ನುತ್ತಾರೆ, ಬಡಿಸಿದವನು ಅವನಿಗಿಂತ ಜಾಣ ಎಂಬುದು ಓಟು ಪಡೆದವರಿಗಷ್ಟೇ ಗೊತ್ತು. ಅವಳು ತಿರುಗಿದಳು. ಮುಖದ ತುಂಬ ನಗು.

"ಅಕ್ಕಾ, ಹೋಗ್ತಿದೀವಲ್ವಾ?" ಎಂದ ಒಬ್ಬ ತಮ್ಮ.

"ಯಾವನೋ ಹೇಳಿದ್ದು? ಚಪ್ಪಲಿ ಬಿಡೋಕೆ ಜಾಗ ನೋಡ್ತಿದ್ದೆ!" ಎಂದವಳೇ ಬಂದು, ತಿಬೊನನ್ನು ಎಣ್ಣೆಗಿಂಡಿ ಸಮೇತ ಬಾಚಿ ತಬ್ಬಿಕೊಂಡಳು. "ಬೀಗರೇ! ಎಷ್ಟ್ ಜನ ಸೇರ್ಸಿದೀರಿ ನಮ್ಮ ಮಕ್ಕಳಿಗೆ ಹರಸೋಕೆ! ಏ, ಎಲ್ಲಾ ಕೂತ್ಕೊಳ್ರಪ್ಪಾ, ಎರಡೂ ಮನೆ ಸೇರಿ ಹಾಕ್ತಿರೋ ಊಟ. ಬೀಗಿತ್ತೀ, ಸೌಟು ಇಲ್ಲಿ ಕೊಡಿ, ಬಡಿಸೋಕೆ ನಾನಿದೀನಿ."

"ಸೌಟು ಕೊಡಲ್ಲ," ಎಂದಳು ಫೆಲಿಸಾ. "ಮೊದ್ಲು ಎಲ್ಲರ ಮುಂದೆ ಕೇಳಿ."

"ಏನು ಕೇಳ್ಲಿ?"

"ಏನ್ ಕೇಳೋಕೆ ಬಂದ್ರೋ ಅದು."

ಹೀಗೆ ಕಪಿತಾನಾ ನಾರ್ಸಿಸಾ ದಿಮಯುಗಾ, ಮೇಯರ್ ಎದುರು ಕೂಡ ತಲೆ ತಗ್ಗಿಸದವಳು, ಇಡೀ ಊರಿನ ಎದುರು ತಲೆ ತಗ್ಗಿಸಿ, "ನಿಮ್ಮ ಮಗಳನ್ನ ನನ್ನ ಮಗನಿಗೆ ಕೊಡ್ತೀರಾ?" ಎಂದು ಕೇಳಿದಳು. ಫೆಲಿಸಾ ಮಗಳನ್ನು ನೋಡಿದಳು. ಮಗಳು ಗೂಟವನ್ನು ನೋಡಿದಳು. ಗೂಟ ತಲೆಯಾಡಿಸಿತು. ಸೌಟು ಕೈ ಬದಲಾಯಿತು.

ಆಮೇಲೆ ಫೆಲಿಸಾ ಚಾಕು ಹಿಡಿದಳು. ಎತ್ತಿನ ತೊಡೆಯನ್ನು ಅವಳು ಎಷ್ಟು ತೆಳ್ಳಗೆ ಹೆರೆದಳೆಂದರೆ ಹೋಳಿನ ಆಚೆ ಬದಿಯಿಂದ ಬಿಸಿಲು ಕಾಣುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಹೋಳು, ಒಂದು ಚೂರು ಕ್ಯಾರೆಟ್, ಬೊಗಸೆ ಅನ್ನ, ಮೇಲೆ ತಟ್ಟೆಯ ತಳದಲ್ಲಿ ಇಳಿದಿದ್ದ ಕಂದು ರಸ. ಆ ರಸ ಬಿದ್ದ ಅನ್ನವನ್ನು ಬಾಯಿಗಿಟ್ಟವರು ಮಾತು ನಿಲ್ಲಿಸಿದರು. ಸಾಂತೊಲನ್ನಿನಲ್ಲಿ ಹಾಗೆ ಊರಿಗೆ ಊರೇ ಬಾಯಿ ಮುಚ್ಚಿದ್ದು ಭೂಕಂಪದ ದಿನ ಬಿಟ್ಟರೆ ಅದೇ ಮೊದಲು. ಕ್ಷೌರಿಕ ಬೆರಳು ನೆಕ್ಕಿದ, ಆಮೇಲೆ ಹೆಂಡತಿಯ ತಟ್ಟೆಯನ್ನೂ ನೆಕ್ಕಿದ. ಒದ್ದೆ ಟವಲಿನ ಹಂದಿಯನ್ನು ಕಾಸ್ತೋರ್ ಪ್ರಾಯಶ್ಚಿತ್ತವೆಂದು ಒಬ್ಬನೇ ಕೂತು ತಿಂದ.

ನಾರ್ಸಿಸಾ ಕೊನೆಗೆ ಕೂತು ಒಂದು ತುಂಡು ಬಾಯಿಗಿಟ್ಟಳು. ಅಗಿಯುವ ಮುಂಚೆಯೇ ಅದು ಕರಗಿಹೋಯಿತು. ಕಣ್ಣು ಮುಚ್ಚಿದಳು, ತೆರೆದಳು.

"ಬೀಗರೇ, ಅಡುಗೆಯೋನಲ್ಲ ಅಂತ ಸುಳ್ಳು ಯಾಕ್ ಹೇಳಿದ್ರಿ?"

"ಸುಳ್ಳಲ್ಲ ಬೀಗಿತ್ತೀ, ದೇವರಾಣೆಗೂ..."

"ಸಾಕು ಸಾಕು. ಎಣ್ಣೆ ಬಿಡೋನ ಕೈಯಲ್ಲಿ ಈ ರುಚಿ ಬರತ್ತಾ? ನನ್ನ ಜಗಳ ತಪ್ಸೋಕೆ ನಿಮ್ಮ ವಿದ್ಯೇನೇ ಇಲ್ಲ ಅಂದ್ಬಿಟ್ರಿ. ದೊಡ್ಡ ಮನುಷ್ಯರು!"

ಊರು ಹೌದು ಹೌದು ಎಂದಿತು. ತಿಬೊ ಹುಟ್ಟಿದಂದಿನಿಂದ ಹೇಳಿದ ಸುಳ್ಳನ್ನೆಲ್ಲ ನಂಬಿದ ಜನ, ಹೇಳಿದ ಒಂದೇ ಒಂದು ನಿಜವನ್ನು ನಂಬಲಿಲ್ಲ.

"ಮದುವೆ ಜನವರೀಲೇ," ಎಂದು ನಾರ್ಸಿಸಾ ಸಾರಿದಳು. ನಾಮಪತ್ರ ಹಾಕುವ ಮುಂಚೆಯೇ ಆಗಬೇಕು ಎಂಬುದನ್ನು ಮಾತ್ರ ಸಾರಲಿಲ್ಲ. "ಸುತ್ತಣ ಊರನ್ನೆಲ್ಲ ಕರೀತೀನಿ. ಅಡುಗೆ ಬೀಗರದ್ದೇ. ಮೂರು ಎತ್ತು, ಇಡಿಯಾಗಿ!"

ಫೆಲಿಸಾ ಗಂಡನ ಕಾಲು ತುಳಿಯಲು ಓಡಿ ಬಂದಳು. ತಡವಾಗಿತ್ತು. ಅಂಗಳ ಕೇಕೆ ಹಾಕುತ್ತಿತ್ತು, ಡೋಲು ಬಡಿಯುತ್ತಿತ್ತು, ಮಗಳು ನಗುತ್ತಿದ್ದಳು, ತಿಬೊನ ಎದೆ ಕೋಳಿಹುಂಜದಂತೆ ಉಬ್ಬಿತ್ತು.

"ಮೂರು ಯಾತಕ್ಕೆ ಬೀಗಿತ್ತೀ? ಐದು ಮಾಡೋಣ!" ಎಂದುಬಿಟ್ಟ. "ಹಡಗಲ್ಲಿ ನಾನು ಐದಕ್ಕೆ ಕಡಿಮೆ ಮಾಡಿದೋನೇ ಅಲ್ಲ!"

ಕಾಸ್ತೋರ್ ಹಂದಿ ತಿನ್ನುವುದನ್ನು ಬಿಟ್ಟು ಎದ್ದ. "ಐದು ಎತ್ತು! ಅಣ್ಣಾ, ಒಲೆ ಬಾಯಿ ಸಾಲಲ್ಲ, ಈಗ್ಲೇ ಹೋಗಿ ಒಡೆದು ಅಗಲ ಮಾಡ್ತೀನಿ!" ಎಂದು ಹಾರೆ ಹುಡುಕಿಕೊಂಡು ಹೊರಟ.

"ಒಲೆ ಬಾಯಿ ಹಾಗಿರ್ಲಿ ಕಾಸ್ತೋರಾ," ಫೆಲಿಸಾ ಗಂಡನ ರಟ್ಟೆ ಹಿಡಿದು ಎಳೆಯುತ್ತ ಕೂಗಿ ಹೇಳಿದಳು. "ಇಟ್ಟಿಗೆ ಮಿಕ್ಕಿದ್ರೆ ಇಲ್ಲಿ ತಗೊಂಡ್ ಬಾ. ಇವ್ರ ಬಾಯಿಗೊಂದು ಗೋಡೆ ಕಟ್ಬೇಕು."